ಕೌದಿ ಹೊಲಿಯೋ ಆಸೆ, ಮನೆಯವರ ಹೊತ್ತು: ಎರಡನ್ನೂ ಹೇಗೆ ಹೊಂದಿಸ್ತೀರಿ?

ಸೂಜಿದಾರ, ಹುಬ್ಬಳ್ಳಿ

ನನಗೆ ಕೌದಿ, ಅಂದ್ರೆ ಹಳೇ ಬಟ್ಟೆಯ ಪದರ ಕೂಡಿಸಿ ಕೈಯಲ್ಲಿ ಮಾಡೋ ಹೊದಿಕೆ, ಹೊಲಿಯೋದು ಅಂದ್ರೆ ಜೀವ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮನೆಯಲ್ಲಿ ಇಷ್ಟು ನೇರವಾಗಿ ಹೇಳೋಕೆ ನನಗಿನ್ನೂ ಆಗಿಲ್ಲ. ಅಲ್ಲಿ ನಾನು ಹೇಳೋದು "ಹಳೇ ಸೀರಿ ಸುಮ್ನ ಬಿದ್ದಾವ", "ಚಳಿಗಾಲಕ್ಕ ಬೇಕಾಗ್ತದ" ಅಂತ. ನಿಜ ಅದಲ್ಲ. ಹೊದ್ದುಕೊಳ್ಳೋಕೆ ಮನೆಯಲ್ಲಿ ಬೇಕಾದಷ್ಟಿವೆ. ಹೊಲಿಯದೆ ಇರೋಕಾಗಲ್ಲ ಅಂತ ಹೊಲೀತೀನಿ.

ನನಗೆ 41 ವರ್ಷ. ಒಂದು ಪತ್ತಿನ ಸಂಘದಲ್ಲಿ ಕೆಲಸ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಮಗ ಎಸ್ಸೆಸ್ಸೆಲ್ಸಿ, ಮಗಳು ನಾಲ್ಕನೇ ಇಯತ್ತೆ. ಮನೆಯವರದು ಹಾರ್ಡ್‌ವೇರ್ ಅಂಗಡಿ, ಬಾಗಿಲು ಹಾಕಿ ಬರೋ ಹೊತ್ತಿಗೆ ರಾತ್ರಿ ಒಂಬತ್ತು. ಅತ್ತೆಗೆ 72, ಸಕ್ಕರೆ ಕಾಯಿಲೆ ಬಂದು 15 ವರ್ಷದ ಮೇಲಾಯ್ತು. ಮನೆ ಅಂದ್ರೆ ಒಂದು ಪಡಸಾಲೆ, ಒಂದು ಮಲಗೋ ಕೋಣೆ, ಅಡುಗೆಮನೆ. ಅಷ್ಟೇ.

ಕೌದಿ ಕಲಿತಿದ್ದು ತವರಲ್ಲಿ, ಬಾದಾಮಿ ತಾಲೂಕಿನ ಹಳ್ಳಿಯಲ್ಲಿ. ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ನಮ್ಮವ್ವ, ಓಣಿಯ ಹೆಣ್ಣುಮಕ್ಕಳು ಗುಡಿ ಮುಂದಿನ ಬೇವಿನ ಗಿಡದ ನೆರಳಲ್ಲಿ ಕೌದಿ ಹಾಸ್ತಿದ್ರು. ಒಂದು ಕೌದಿಗೆ ನಾಲ್ಕು ಕಡೆ ನಾಲ್ಕು ಜನ. ಇವತ್ತು ಇವರ ಮನೇದು, ನಾಳೆ ಅವರ ಮನೇದು. ಮಾತು ನಡೀತಿತ್ತು, ಸೂಜಿಯೂ ನಡೀತಿತ್ತು. ಮಕ್ಕಳಿಗೆ ದಾರ ಪೋಣಿಸಿ ಕೊಡೋ ಕೆಲಸ. ಹುಬ್ಬಳ್ಳಿಯಲ್ಲಿ ನಾನು ಒಬ್ಬಳೇ ಕೂತು ನಾಲ್ಕೂ ಕಡೆ ಹೊಲೀಬೇಕು.

ಈಗ ಹಿಡಿದಿರೋದು ಐದು ಅಡಿ ಅಗಲ, ಏಳು ಅಡಿ ಉದ್ದದ್ದು, ನಾಲ್ಕು ಪದರ. ಕೆಳಗೆ ಒಂದು ಗಟ್ಟಿ ಹತ್ತಿ ಸೀರೆ. ನಡುವೆ ಎರಡು ಪದರ ಇಳಕಲ್ ಸೀರೆ, ಉಟ್ಟು ಉಟ್ಟು ಒಡಲು ಜಾಳಾಗಿದ್ದು. ಮೇಲೆ ತುಂಡುಗಳು: ಗುಳೇದಗುಡ್ಡ ಖಣದಲ್ಲಿ ಕುಪ್ಪಸ ಹೊಲಿಸಿ ಉಳಿದ ಚೂರು, ಮಗನ ಹಳೇ ಯೂನಿಫಾರ್ಮಿನ ನೀಲಿ, ಅತ್ತೆಯ ಎರಡು ಸೀರೆಯ ದಡಿ. ಇಳಕಲ್ ಉಟ್ಟವರಿಗೆ ಗೊತ್ತು, ಹತ್ತಿಯ ಒಡಲು ಮೊದಲು ಹೋಗುತ್ತೆ, ಕೆಂಪು ರೇಷ್ಮೆ ಸೆರಗು ಮಾತ್ರ ಹೊಸದರ ಹಾಗೇ ಉಳಿಯುತ್ತೆ. ಒಡಲಿಗೆ ಸೆರಗು ಕೂಡೋ ಕಡೆ ಎಳೆಗೆ ಎಳೆ ಕೊಂಡಿ ಹಾಕಿರ್ತಾರಲ್ಲ, ಆ ಗೆರೆಯನ್ನ ಬೆರಳಲ್ಲಿ ಮುಟ್ಟಿ ನೋಡಿ. ಅದನ್ನ ಕತ್ತರಿಸೋಕೆ ನನಗೆ ಮನಸ್ಸು ಬರಲ್ಲ. ಹಾಗಾಗಿ ಕೊಂಡಿ ಸಮೇತ ಒಂದು ಗೇಣು ಉಳಿಸಿಕೊಂಡು, ಕೌದಿಯ ನಟ್ಟನಡುವೆ ಕೂಡಿಸಿದ್ದೀನಿ.

ಹೊಲಿಯೋದು ಸಾದಾ ಎಳೆಹೊಲಿಗೆ. ಐದಾರು ಹೊಲಿಗೆ ಸೂಜಿ ಮೇಲೆ ತುಂಬಿಸಿಕೊಂಡು ಒಂದೇ ಸಲ ಎಳೀಬೇಕು. ದಾರ ನಾಲ್ಕು ಪದರ ದಾಟಿ ಸರ್ ಅಂತ ಬರುತ್ತೆ. ಹಿಂದೆ ಬಟ್ಟೆ ಸಣ್ಣಗೆ ನಿರಿಗೆ ಬೀಳುತ್ತೆ, ಆಗ ತಾನೇ ನೇಗಿಲು ಹೊಡೆದ ಹೊಲದ ಹಾಗೆ. ಅಂಥ ಹತ್ತು ಸಾಲು ಆದ್ಮೇಲೆ ಅಂಗೈ ಇಟ್ಟು ಸವರಿದ್ರೆ ಆಫೀಸಿನ ಲೆಕ್ಕ, ಅಡುಗೆ, ಟ್ಯೂಷನ್ ಫೀಸು ಎಲ್ಲಾ ತಲೆಯಿಂದ ಇಳಿದು ಹೋಗುತ್ತೆ ನನಗೆ.

ಈಗ ಆದದ್ದು ಹೇಳ್ತೀನಿ.

ಹೋದ ತಿಂಗಳು ಒಂದು ಗುರುವಾರ ರಾತ್ರಿ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತಿದ್ದೆ. ಅತ್ತೆ ಒಳಗಿಂದ ಕರೆದರು. ದಾರ ಮುಗಿದಿತ್ತು, ಬರೀ ಸೂಜಿಯನ್ನ ಬಟ್ಟೆಗೆ ಚುಚ್ಚಿ ಎದ್ದೆ. ವಾಪಸ್ ಬಂದು ನೋಡಿದ್ರೆ ಸೂಜಿ ಇಲ್ಲ. ಬೇರೆ ಮನೆಯಲ್ಲಾದ್ರೆ ಇದು ದೊಡ್ಡ ವಿಷಯ ಅಲ್ಲ. ನಮ್ಮ ಅತ್ತೆಗೆ ಪಾದದಲ್ಲಿ ಸ್ಪರ್ಶ ಗೊತ್ತಾಗಲ್ಲ. ಎರಡು ವರ್ಷದ ಹಿಂದೆ ಒಂದು ಮುಳ್ಳು ಚುಚ್ಚಿದ್ದು ಅವರಿಗೆ ತಿಳೀಲೇ ಇಲ್ಲ. ನೆಲದ ಮೇಲೆ ರಕ್ತದ ಗುರುತು ನೋಡಿ ನಮಗೆ ಗೊತ್ತಾಯ್ತು. ಆ ಗಾಯ ಮಾಯೋಕೆ ಎರಡು ತಿಂಗಳು ಹಿಡಿದಿತ್ತು.

ಮನೆಯವರು ಆಗ ತಾನೇ ಊಟಕ್ಕೆ ಕೂತಿದ್ದರು, ತಾಟು ಬಿಟ್ಟು ಎದ್ದರು. ಬೀಗ ತೆಗೆದು ಅಂಗಡಿಯಿಂದ ಅಯಸ್ಕಾಂತ ತಂದರು. ಮಗನಿಗೆ ಮರುದಿನ ಗಣಿತದ ಟೆಸ್ಟ್, ಅವನೂ ಪುಸ್ತಕ ಮುಚ್ಚಿ ಟಾರ್ಚ್ ಹಿಡಿದ. ಮಗಳನ್ನ ಮಂಚದಿಂದ ಇಳೀಬೇಡ ಅಂತ ಕೂಡಿಸಿದ್ವಿ. ಅತ್ತೆ ಎರಡೂ ಕಾಲು ಮೇಲೆತ್ತಿಕೊಂಡು ಹನ್ನೊಂದೂವರೆವರೆಗೆ ಹಾಗೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಕೊನೆಗೆ ಸೂಜಿ ಸಿಕ್ಕಿದ್ದು ಕೌದಿಯೊಳಗೆ, ಎರಡನೇ ಪದರದ ಸಂದಿಯಲ್ಲಿ.

ಮನೆಯವರು ಕೂಗಾಡಲಿಲ್ಲ. "ಅವ್ವನ ಕಾಲಿಗೆ ಏನರ ಆದ್ರ ಏನ್ ಮಾಡೂದು?" ಅಂದ್ರು. ತಾವೇ ಕೌದಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಅವರದು ತಪ್ಪಂತ ನಾನು ಹೇಳಲ್ಲ. ಇವತ್ತಿಗೆ 23 ದಿನ.

ಈ 23 ದಿನದಲ್ಲಿ ನಾನು ಒಂದು ಕಂಡುಕೊಂಡೆ. ಉಳಿದ ಹೊತ್ತು ಮಕ್ಕಳಿಗೆ ಸಿಗುತ್ತೆ ಅಂದುಕೊಂಡಿದ್ದೆ. ಸಿಕ್ಕಿಲ್ಲ. ಊಟ ಆದ್ಮೇಲೆ ಫೋನ್ ಹಿಡಿದು ಕೂರ್ತೀನಿ. ಮಗಳು ಬಂದು ಏನಾದ್ರೂ ಹೇಳಿದ್ರೆ ಹೂಂ ಅಂತೀನಿ, ಕೇಳಿಸಿಕೊಂಡಿರಲ್ಲ. ಕೌದಿ ಹೊಲಿಯೋವಾಗ ಅವಳ ಶಾಲೆಯ ಸುದ್ದಿಯೆಲ್ಲ ನನಗೆ ಗೊತ್ತಿರ್ತಿತ್ತು, ಕೈ ಕೆಲಸದಲ್ಲಿದ್ರೂ ಕಿವಿ ಖಾಲಿ ಇರ್ತಿತ್ತಲ್ಲ.

ಇದರಿಂದ ದುಡ್ಡು ಬರ್ತಿದ್ರೆ ಯಾರೂ ಕೇಳ್ತಿರಲಿಲ್ಲ. ಮನೆಗೆ ಬಂದವರೆಲ್ಲ ಮೊದಲು ಕೇಳೋದು "ಒಂದ್ ಎಷ್ಟಕ್ಕ ಮಾರ್ತೀರಿ?" ಅಂತ. ಬಾಣಂತನಕ್ಕೆ, ಕೂಸಿನ ಕುಂಚಿಗೆಗೆ ಅಂದ್ರೂ ನಡೀತಿತ್ತು. ಸುಮ್ಮನೆ ಆಸೆಗೆ ಅಂದ್ರೆ ಹೊತ್ತು ಕೇಳೋಕೆ ಬಾಯಿ ಬರಲ್ಲ. ಸಣ್ಣ ಮನೆಯಲ್ಲಿ ಹೊಲಿಯೋರು ಇದ್ದರೆ ದಯವಿಟ್ಟು ಹೇಳಿ: ಎಲ್ಲಿ ಕೂರ್ತೀರಿ, ಯಾವಾಗ ಕೂರ್ತೀರಿ, ಮನೆಯವರ ಹತ್ತಿರ ಏನಂತ ಹೇಳಿದ್ರಿ?

ಕಾಡಂಚು, ಹಳಿಯಾಳ

ಅಕ್ಕಾ, ಓದ್ತಾ ಸೂಜಿ ಸಿಕ್ಕಿತು ಅನ್ನೋವರೆಗೆ ಉಸಿರು ಬಿಗಿ ಹಿಡಿದಿದ್ದೆ.

ನಮ್ಮ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಣುಮಕ್ಕಳು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿದ್ದೀರಾ? ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮನೆಗಳಲ್ಲಿ ಇದೆ. ನಾನು ಅಂಗನವಾಡಿ ಕೆಲಸಕ್ಕೆ ಸೇರಿದಾಗ ನೆರೆಮನೆಯ ಅಜ್ಜಿಯೊಬ್ಬರ ಹತ್ತಿರ ಕಲಿತೆ. ನಿಮ್ಮ ಕೌದಿಗೂ ಅದಕ್ಕೂ ಇರೋ ವ್ಯತ್ಯಾಸ ನಿಮ್ಮ ಸಮಸ್ಯೆಗೆ ನೇರ ಸಂಬಂಧ ಪಟ್ಟಿದ್ದು, ಅದಕ್ಕೇ ಬರೀತಿದ್ದೇನೆ.

ನೀವು ಪೂರ್ತಿ ಹಾಸಿ, ಎಲ್ಲ ಪದರ ಕೂಡಿಸಿ, ಆಮೇಲೆ ಈ ತುದಿಯಿಂದ ಆ ತುದಿಗೆ ಸಾಲು ಹೊಡೀತೀರಿ. ಅದಕ್ಕೆ ಪಡಸಾಲೆ ತುಂಬಾ ಜಾಗ ಬೇಕು. ಇವರು ಹಾಗಲ್ಲ. ಕೆಳಗೆ ಒಂದು ಸೀರೆ, ಒಂದು ಮೂಲೆಯಿಂದ ಶುರು. ಅಂಚು ಒಳಗೆ ಮಡಚಿಕೊಂಡು, ತುಂಡು ಇಟ್ಟು ಹೊಲೀತಾ ಸುತ್ತಲೂ ಬರ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹೀಗೆ ಅಂಚಿನಿಂದ ನಡುವಿಗೆ. ಮುಂದಿನ ತುಂಡು ಯಾವುದು ಅಂತ ಮೊದಲೇ ಗೊತ್ತಿರಲ್ಲ, ಕೈಗೆ ಸಿಕ್ಕಿದ್ದನ್ನ ಪಕ್ಕದ ಬಣ್ಣಕ್ಕೆ ಹಿಡಿದು ನೋಡಿ ಇಡೋದು. ಹೊಲಿಯೋ ಜಾಗ ಒಂದು ಗೇಣು ಮಾತ್ರ ಬಿಚ್ಚಿರುತ್ತೆ, ಉಳಿದಿದ್ದೆಲ್ಲ ಮಡಿಲಲ್ಲಿ ಮುದ್ದೆಯಾಗಿ ಇರುತ್ತೆ. ಕಟ್ಟೆ ಮೇಲೆ ಕೂತು ಹೊಲೀಬಹುದು. ಯಾರಾದ್ರೂ ಬಂದರೆ ಎತ್ತಿಕೊಂಡು ಒಳಗೆ ಹೋದ್ರೆ ಆಯ್ತು.

ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನ ಮಾಡಿ ಹೂವು ಇಡ್ತಾರೆ. ಫುಲ ಅಂತಾರೆ ಅದಕ್ಕೆ. ಅದಿಲ್ಲದ ಕವಂದಿ ಬೆತ್ತಲೆ ಇದ್ದ ಹಾಗೆ.

ಒಂದು ಮಾತು. ಆ ಹೆಣ್ಣುಮಕ್ಕಳಿಗೆ ಹೊತ್ತು ಹೇರಳ ಇದೆ ಅಂತ ತಿಳೀಬೇಡಿ. ಕೂಲಿಗೆ ಹೋಗಿ, ಸೌದೆ ತಂದು, ಅಡುಗೆ ಮಾಡಿದ ಮೇಲೆ ಹೊಲಿಯೋದು. ಎಷ್ಟೋ ಮನೆಯಲ್ಲಿ ಅದು ಆಸೆಯೂ ಹೌದು, ಚಳಿಗೆ ಬೇಕೇ ಬೇಕಾದ್ದೂ ಹೌದು. ಆದರೆ ಅಜ್ಜಿ ಬಣ್ಣ ಆರಿಸೋವಾಗ ಎಷ್ಟು ಹೊತ್ತು ತಗೋತಿದ್ದರು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಹಳದಿ ತುಂಡು ಇಟ್ಟು, ತೆಗೆದು, ಮತ್ತೆ ಇಟ್ಟು. ಬರೀ ಚಳಿಗೆ ಹೊಲಿಯೋರು ಹಾಗೆ ಮಾಡಲ್ಲ.

ಕತ್ತರಿ ಕಾಕಾ, ಗದಗ

ತಂಗಿ, ನಾನು 44 ವರ್ಷ ಟೇಲರ್ ಕೆಲಸ ಮಾಡಿದವನು. ಈಗ ಅಂಗಡಿ ಮಗ ನೋಡುತ್ತಾನೆ. ಸೂಜಿಯ ವಿಷಯವನ್ನಷ್ಟೇ ನಾನು ಖಚಿತವಾಗಿ ಹೇಳಬಲ್ಲೆ.

ನೀವು ಹೇಳಿದ್ದರಲ್ಲಿ ತಪ್ಪಾದದ್ದು ಒಂದೇ ಕಡೆ. ದಾರ ಇಲ್ಲದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಿರಿ. ನಮ್ಮ ಗುರುಗಳು ಮೊದಲ ದಿನ ಕಲಿಸಿದ ಪಾಠ ಅದು: ಕೈಯಿಂದ ಬಿಡುವ ಸೂಜಿಯಲ್ಲಿ ದಾರ ಇರಲೇಬೇಕು. ಎದ್ದು ಕಾಣುವ ದಾರ, ಕೆಂಪೋ ಹಳದಿಯೋ. ಅರ್ಧ ಮೊಳ ಬಾಲ ಇದ್ದರೆ ಸೂಜಿ ಎಲ್ಲಿ ಹೋದರೂ ದಾರ ಹೇಳುತ್ತದೆ. ಮನೆಯಲ್ಲಿ ಐದೇ ಸೂಜಿ ಇಟ್ಟುಕೊಳ್ಳಿ, ಪಾಕೀಟು ಗಟ್ಟಲೆ ಬೇಡ. ಮುಚ್ಚಳ ಇರುವ ಒಂದು ತಗಡಿನ ಡಬ್ಬಿ, ಮುಚ್ಚಳದ ಒಳಗೆ ಒಂದು ಅಯಸ್ಕಾಂತ. ಹಳೆಯ ಸ್ಪೀಕರಿನದು ಸಿಗುತ್ತದೆ. ಕೂಡುವಾಗ ಎಣಿಸಿ, ಏಳುವಾಗ ಎಣಿಸಿ. ಐದು ಇಲ್ಲದಿದ್ದರೆ ಏಳಬೇಡಿ. ಮುರಿದ ಸೂಜಿಯ ಎರಡೂ ತುಂಡು ಡಬ್ಬಿಗೆ ಬರಬೇಕು.

ದಾರವನ್ನು ಎರಡು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ಗಂಟಾಗುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಇಳಕಲ್ಲಿನ ಜಾಳು ಬಟ್ಟೆಯಲ್ಲೂ ನುಣ್ಣಗೆ ಹೋಗುತ್ತದೆ. ಮೇಲಿನ ತುಂಡುಗಳನ್ನು ಮೆಷಿನ್ ಮೇಲೆ ಕೂಡಿಸಿಕೊಳ್ಳಿ, ಅದರಿಂದ ಕೌದಿಗೆ ಕಡಿಮೆಯೇನೂ ಆಗುವುದಿಲ್ಲ. ಪದರ ಹಿಡಿಯುವ ಹೊಲಿಗೆ ಮಾತ್ರ ಕೈಯದೇ ಇರಲಿ.

ಇನ್ನು ಹೊತ್ತಿನ ಲೆಕ್ಕ. ಐದು ಅಡಿ ಅಂದರೆ 60 ಇಂಚು. ಅರ್ಧ ಇಂಚಿಗೆ ಒಂದು ಸಾಲು ಹಿಡಿದರೆ 120 ಸಾಲು. ನುರಿತ ಕೈಗೆ ಏಳು ಅಡಿಯ ಸಾಲಿಗೆ 20 ನಿಮಿಷ. ಒಟ್ಟು 40 ತಾಸು. ದಿನಕ್ಕೆ ಎರಡೇ ಸಾಲು ಅಂದರೆ 40 ನಿಮಿಷ, 60 ದಿನಕ್ಕೆ ಕೌದಿ ಮುಗಿಯುತ್ತದೆ. ಮನೆಯವರಿಗೆ "ನನಗೆ ಹೊತ್ತು ಬೇಕು" ಅಂದರೆ ಎಷ್ಟು ಎಂದು ಅವರಿಗೆ ತಿಳಿಯುವುದಿಲ್ಲ, ಹೆದರುತ್ತಾರೆ. ಎರಡು ಸಾಲು ಅನ್ನಿ, ತಿಳಿಯುತ್ತದೆ.

ನನ್ನ ಹೆಂಡತಿಗೆ ರಂಗೋಲಿಯ ಹುಚ್ಚು. ನಾನು ದಿನಾ ಹನ್ನೆರಡು ತಾಸು ಹೊಲಿದೆ, ಅದು ಹೊಟ್ಟೆಪಾಡು, ಅದಕ್ಕೆ ಯಾರೂ ಪ್ರಶ್ನೆ ಹಾಕಲಿಲ್ಲ. ಅವಳು ಅಂಗಳದಲ್ಲಿ ಅರ್ಧ ತಾಸು ಕೂತರೆ ಚಹಾ ತಡವಾಯಿತು ಅಂತ ನಾನು ಕೂಗುತ್ತಿದ್ದೆ. ಈಗ ಮೊಣಕಾಲು ಬಗ್ಗುವುದಿಲ್ಲ ಅವಳಿಗೆ. ಬೆಳಿಗ್ಗೆ ಎದ್ದು ನೀರು ಹಾಕಿ ಅಂಗಳ ನಾನೇ ಸಾರಿಸುತ್ತೇನೆ, ಅವಳು ಕುರ್ಚಿಯ ಮೇಲೆ ಕೂತು ಚುಕ್ಕಿ ಹೇಳುತ್ತಾಳೆ, ನಾನು ಇಡುತ್ತೇನೆ. ನಿಮ್ಮ ಮನೆಯವರಿಗೆ ಇದನ್ನು ಓದಿಸಬಹುದು.

ಮೂರು ಮಕ್ಕಳ ತಾಯಿ, ದಾವಣಗೆರೆ

ಬೇಜಾರು ಮಾಡ್ಕೋಬೇಡಿ, ನನಗೆ ಅನ್ನಿಸಿದ್ದು ಹೇಳ್ತೀನಿ. ಮಗ ಎಸ್ಸೆಸ್ಸೆಲ್ಸಿ ಅಂದ್ರಿ, ಮನೇಲಿ ವಯಸ್ಸಾದೋರು ಇದ್ದಾರೆ ಅಂದ್ರಿ. ಕೌದಿ ಎಲ್ಲೂ ಓಡಿ ಹೋಗಲ್ಲ. ಒಂದು ವರ್ಷ ಅಟ್ಟದ ಮೇಲೇ ಇರ್ಲಿ ಬಿಡಿ. ನಾನು ನನ್ನ ಮೊದಲ ಮಗನ ಹತ್ತನೇ ಕ್ಲಾಸಲ್ಲಿ ಟಿವಿ, ಮದುವೆ, ಮುಂಜಿ ಎಲ್ಲ ಬಿಟ್ಟಿದ್ದೆ. ತಪ್ಪೇನೂ ಅನ್ನಿಸಿಲ್ಲ.

ಸೂಜಿದಾರ, ಹುಬ್ಬಳ್ಳಿ

ಬೇಜಾರಿಲ್ಲರೀ. ನೀವು ಹೇಳಿದ್ದನ್ನ ಎರಡು ದಿನ ಯೋಚನೆ ಮಾಡಿ ಉತ್ತರ ಬರೀತಿದ್ದೀನಿ. ಪರೀಕ್ಷೆ ನಡೆಯೋ ದಿನಗಳಲ್ಲಿ ನಾನು ಸೂಜಿ ಮುಟ್ಟಲ್ಲ, ಅದು ಅವನಿಗೆ ಸಲ್ಲಬೇಕಾದ್ದು. ಆದರೆ ವರ್ಷ ಬಿಡೋದು ನನ್ನಿಂದ ಆಗಲ್ಲ. ಮಗ ಹುಟ್ಟಿದಾಗ ಬಿಟ್ಟೆ, ಆರು ವರ್ಷ. ಮಗಳು ಹುಟ್ಟಿದಾಗ ಮತ್ತೆ ನಾಲ್ಕು. ಎಸ್ಸೆಸ್ಸೆಲ್ಸಿ ಆದ್ಮೇಲೆ ಪಿಯುಸಿ ಬರುತ್ತೆ, ಆಮೇಲೆ ಮಗಳದು. ನಮ್ಮವ್ವನ ಕಣ್ಣಿಗೆ 58ಕ್ಕೆ ಪೊರೆ ಬಂತು, ಆಪರೇಷನ್ ಆದ್ರೂ ಮೊದಲಿನ ಹಾಗೆ ಸಣ್ಣ ಹೊಲಿಗೆ ಹಾಕೋಕೆ ಆಗಲಿಲ್ಲ. ಅವಳ ಲೆಕ್ಕ ಹಿಡಿದ್ರೆ ನನ್ನ ಕೈಯಲ್ಲಿರೋದು 17 ವರ್ಷ.

ಕಾಕಾ, ನೀವು ಬರೆದಿದ್ದನ್ನ ಮನೆಯವರಿಗೆ ಓದಿಸಿಲ್ಲ ಇನ್ನೂ. ಆದರೆ ಐದು ಸೂಜಿ ಎಣಿಸಿ ಡಬ್ಬಿಗೆ ಹಾಕಿ ಇಟ್ಟೀನಿ.

ಹತ್ತಿಹೂವು, ಹ್ಯೂಸ್ಟನ್

ನಾನು ಮೈಸೂರಿನವಳು, 18 ವರ್ಷದಿಂದ ಇಲ್ಲಿ. ಕೌದಿ ನನಗೆ ಊರಲ್ಲಿ ಗೊತ್ತೇ ಇರಲಿಲ್ಲ, ಕ್ವಿಲ್ಟಿಂಗ್ ಅಂತ ಇದೇ ಥರ ಪದರ ಕೂಡಿಸಿ ಹೊದಿಕೆ ಹೊಲಿಯೋದನ್ನ ಕಲಿತಿದ್ದು ಇಲ್ಲೇ. ಈ ಊರಲ್ಲಿ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ದೊಡ್ಡ ಕ್ವಿಲ್ಟ್ ಹಬ್ಬವೇ ನಡೆಯುತ್ತೆ. ಗೆಳತಿಯೊಬ್ಬಳ ಜೊತೆ ಸುಮ್ಮನೆ ಹೋದವಳು ಆ ಹಾಲಿನಿಂದ ಹೊರಗೆ ಬರೋವಾಗ ಬೇರೆ ಮನುಷ್ಯಳಾಗಿದ್ದೆ.

ನಿಮ್ಮ ಹತ್ತಿರ ಜಾಗ ಇಲ್ಲ ಅಂದ್ರಿ. ನನ್ನ ಹತ್ತಿರ ಇತ್ತು. ಒಂದು ಇಡೀ ರೂಮು, ಗೋಡೆ ತುಂಬ ಬಟ್ಟೆ, ಒಳ್ಳೇ ಮೆಷಿನ್ನು, ಮುಚ್ಚೋಕೆ ಬಾಗಿಲು. ಅದೇ ತೊಂದರೆ ಆಯ್ತು. ಬಾಗಿಲು ಮುಚ್ಚಿ ಕೂತ್ರೆ ಮೂರು ಗಂಟೆ ಎಲ್ಲಿ ಹೋಯ್ತು ಅಂತ ಗೊತ್ತಾಗ್ತಿರಲಿಲ್ಲ. ಒಂದಿನ ಸಂಜೆ ಹೊರಗೆ ಬಂದ್ರೆ ಏಳು ವರ್ಷದ ಮಗ ಬಾಗಿಲ ಹೊರಗೆ ಕಾರ್ಪೆಟ್ ಮೇಲೆ ನಿದ್ದೆ ಹೋಗಿದ್ದ, ಪಕ್ಕದಲ್ಲಿ ಹೋಮ್‌ವರ್ಕ್ ಹಾಳೆ. ತಟ್ಟಿದ್ದನಂತೆ. ಮೆಷಿನ್ ಸದ್ದಿಗೆ ನನಗೆ ಕೇಳಿಸಿಲ್ಲ. ಆ ವಾರವೇ ಮೆಷಿನ್ನನ್ನ ಊಟದ ಟೇಬಲ್ಲಿಗೆ ತಂದೆ. ರೂಮು ಈಗ ಬಟ್ಟೆ ಇಡೋಕೆ ಮಾತ್ರ. ಟೇಬಲ್ ಮೇಲೆ ಅರ್ಧ ನನ್ನದು, ಅರ್ಧ ಅವನ ಪುಸ್ತಕ. ಎರಡೂ ಸ್ವಲ್ಪ ನಿಧಾನ ಆಗುತ್ತೆ, ಆಗಲಿ. ತಿಂಗಳಿಗೊಂದು ಸಂಜೆ ಮಾತ್ರ ಪೂರ್ತಿ ನನ್ನದು, ಗಿಲ್ಡ್ (ಕ್ವಿಲ್ಟ್ ಹೊಲಿಯೋರ ಸಂಘ) ಹೆಂಗಸರ ಜೊತೆ. ಕ್ಯಾಲೆಂಡರ್‌ನಲ್ಲಿ ಗಂಡನೇ ಬರೆದಿಡ್ತಾರೆ.

ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ ಇದೆ, ನದಿ ಮೂರು ಕಡೆ ಬಳಸಿಕೊಂಡಿರೋ ಜಾಗ. ಅಲ್ಲಿಯ ಕಪ್ಪು ಹೆಣ್ಣುಮಕ್ಕಳು ಹತ್ತಿ ಹೊಲದಲ್ಲಿ ದುಡಿದು ಬಂದು, ಹರಿದ ಕೆಲಸದ ಪ್ಯಾಂಟು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿದ ಕ್ವಿಲ್ಟುಗಳನ್ನ 2002ರಲ್ಲಿ ನಮ್ಮ ಹ್ಯೂಸ್ಟನ್ ಮ್ಯೂಸಿಯಮ್ಮಿನಲ್ಲೇ ಮೊದಲು ತೂಗು ಹಾಕಿದ್ದು. 2006ರಲ್ಲಿ ಅವುಗಳ ಮೇಲೆ ಅಂಚೆ ಚೀಟಿಯೂ ಬಂತು. 1942ರಲ್ಲಿ ಒಬ್ಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಯಿಂದಲೇ ಹೊಲಿದ ಒಂದು ಇದೆ. ಮಂಡಿ ಸವೆದ ಜಾಗದ ಬಣ್ಣ ಹಾಗೇ ಕಾಣುತ್ತೆ. ಅವರಿಗೂ ಮನೆ ತುಂಬ ಮಕ್ಕಳು, ಎರಡು ಕೋಣೆ.

ಇದನ್ನ ಹೇಳಿದ್ದಕ್ಕೆ ಒಂದು ಕಾರಣ ಇದೆ. ಇಲ್ಲಿನ ಹಳೇ ದಕ್ಷಿಣದ ಮನೆಗಳಲ್ಲಿ ಕ್ವಿಲ್ಟಿನ ಮರದ ಚೌಕಟ್ಟನ್ನ ಸೂರಿನಿಂದ ಹಗ್ಗದಲ್ಲಿ ಇಳಿಬಿಡ್ತಿದ್ರು. ಹೊಲಿಯೋವಾಗ ಕೆಳಗೆ ಇಳಿಸೋದು, ಊಟಕ್ಕೆ, ಮಲಗೋಕೆ ಜಾಗ ಬೇಕಾದಾಗ ಮೇಲೆ ಎಳೆದು ಕಟ್ಟೋದು. ನಿಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದ ಕೊಂಡಿ ಇನ್ನೂ ಇದೆಯಾ ಸೂರಿನಲ್ಲಿ?

ಮಗಳು, ಧಾರವಾಡ

ನಾನು ಹೊಲಿಯಲ್ಲ. ನಮ್ಮವ್ವ ಹೊಲೀತಿದ್ದಳು, ಮಕ್ಕಳ ಕಡೆಯಿಂದ ಒಂದು ಮಾತು ಹೇಳ್ತೀನಿ.

ರಾತ್ರಿ ನಾವು ಮಲಗಿದ ಮೇಲೆ ಅವಳು ಕೂರ್ತಿದ್ದಳು. ಗೋಡೆ ಕಡೆ ಮುಖ ಮಾಡಿ, ಬಲ್ಬಿನ ಬೆಳಕು ನಮ್ಮ ಕಣ್ಣಿಗೆ ಬೀಳದ ಹಾಗೆ ಬೆನ್ನು ಅಡ್ಡ ಕೊಟ್ಟು. ದಾರ ಎಳೆಯೋ ಸದ್ದು, ನಡುನಡುವೆ ಬಳೆ ಸದ್ದು. ನನಗೆ ನಿದ್ದೆ ಹತ್ತುತ್ತಿದ್ದದ್ದೇ ಅದಕ್ಕೆ. ನಮ್ಮ ಹೊತ್ತನ್ನ ಕದ್ದಳು ಅಂತ ಒಂದು ದಿನವೂ ಅನ್ನಿಸಿಲ್ಲ. ಅನ್ನಿಸಿದ್ದು ಬೇರೆ: ಅವಳು ನಮಗೆ ಕಲಿಸಲಿಲ್ಲ. "ನೀವು ಓದ್ರಿ, ಇದೆಲ್ಲಾ ನಿಮಗ್ಯಾಕ" ಅಂದಳು. ಈಗ ಅವಳ ಕೌದಿ ಒಂದು ಕಡೆ ಬಿಚ್ಚಿದೆ, ಅವಳ ಹಾಗೆ ಹೊಲಿಯೋಕೆ ನನಗೆ ಬರಲ್ಲ. ನಿಮ್ಮ ನಾಲ್ಕನೇ ಇಯತ್ತೆ ಮಗಳ ಕೈಗೆ ದಾರ ಕೊಡಿ.

ಸೂಜಿದಾರ, ಹುಬ್ಬಳ್ಳಿ

ಎಲ್ಲರಿಗೂ ಒಟ್ಟಿಗೆ ಬರೀತಿದ್ದೀನಿ. ತಡ ಆಯ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದಾಗ ಗಿರ್ಮಿಟ್ ಮಾಡಿ ಕೊಟ್ಟು ಕೂತೆ. ಚಳಿಗಾಲ ಅನ್ನಲಿಲ್ಲ, ಹಳೇ ಸೀರೆ ಅನ್ನಲಿಲ್ಲ. "ನನಗ ಕೌದಿ ಹೊಲಿಯೋದು ಭಾಳ ಸೇರ್ತದ. ಅದು ಬಿಟ್ಟು ಇರಾಕ ಆಗವಲ್ದು. ದಿನಾ ಎರಡು ಸಾಲು, ನಲವತ್ತು ನಿಮಿಷ, ಊಟ ಆದ ಮ್ಯಾಲೆ" ಅಂದೆ. ಹೇಳೋವಾಗ ಕೈ ನಡುಗ್ತಿತ್ತು. ಹದಿನೇಳು ವರ್ಷ ಸಂಸಾರ ಮಾಡಿದೀನಿ, ಇಷ್ಟು ಸಣ್ಣ ಮಾತಿಗೆ.

ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಎರಡ ಸಾಲು ಅಂದ್ರ ಎರಡ?" ಅಂತ ಕೇಳಿದರು. ಹೂಂ ಅಂದೆ. "ಸೂಜಿ?" ಅಂದರು. ಡಬ್ಬಿ ತಂದು ಮುಂದೆ ಇಟ್ಟೆ. ಅವರು ಮುಚ್ಚಳ ತೆಗೆದು ಅಲ್ಲಾಡಿಸಿ ನೋಡಿದರು. ಒಂದೂ ಬೀಳಲಿಲ್ಲ. ಆಮೇಲೆ ಕತ್ತರಿ ಕಾಕಾ ಬರೆದಿದ್ದನ್ನ ಫೋನಿನಲ್ಲಿ ತೋರಿಸಿದೆ. ಓದಿದರು, ಏನೂ ಹೇಳಲಿಲ್ಲ. ಸೋಮವಾರ ಅಂಗಡಿಯಿಂದ ಬರೋವಾಗ ಒಂದು ಸಣ್ಣ ರಾಟೆ, ಎಂಟು ಮೀಟರ್ ನೈಲಾನ್ ಹಗ್ಗ ತಂದರು.

ಹ್ಯೂಸ್ಟನ್ ಅಕ್ಕಾ, ಕೊಂಡಿ ಇದೆ. ಮಗಳ ತೊಟ್ಟಿಲು ಕಟ್ಟಿದ್ದು. ಅದಕ್ಕೇ ರಾಟೆ ಹಾಕಿದ್ದಾರೆ. ಎರಡು ಬಿದಿರಿನ ಕೋಲಿಗೆ ಕೌದಿ ಎರಡೂ ಕಡೆಯಿಂದ ಸುತ್ತಿ, ನಡುವೆ ಹೊಲಿಯೋ ಜಾಗ ಒಂದು ಮೊಳ ಬಿಟ್ಟುಕೊಳ್ತೀನಿ. ಹಳಿಯಾಳದವರು ಹೇಳಿದ ಹಾಗೆ ಮಡಿಲಿನಷ್ಟು ಮಾತ್ರ ಬಿಚ್ಚೋದು. ಈ ಕೌದಿ ಅರ್ಧಕ್ಕೆ ಬಂದಿರೋದ್ರಿಂದ ಅಂಚಿನಿಂದ ಶುರು ಮಾಡೋಕೆ ಆಗಲ್ಲ, ಮುಂದಿನದನ್ನ ಹಾಗೇ ಹೊಲೀತೀನಿ, ಮೂಲೆಗೆ ಹೂವೂ ಇಡ್ತೀನಿ. ಹೊಲಿದಾದ್ಮೇಲೆ ಪೂರ್ತಿ ಸುತ್ತಿ, ಎಳೆದು ಮೇಲೆ. ನೆಲ ಖಾಲಿ.

ಡಬ್ಬಿ ಅತ್ತೆ ಹತ್ತಿರ ಇರುತ್ತೆ. ಅದು ಅವರೇ ಕೇಳಿದ್ದು. ಮಂಚದ ಮೇಲೆ ಕೂತು, ದೀಪ ಆರಿಸೋ ಮುಂಚೆ ಐದು ಎಣಿಸಿ ದಿಂಬಿನ ಹತ್ತಿರ ಇಟ್ಟುಕೊಳ್ತಾರೆ. ಮೊದಲ ಎರಡು ದಿನ ನನಗೆ ಕಾವಲು ಅನ್ನಿಸ್ತು. ಮೂರನೇ ದಿನ ಅವರೇ ಮಾತು ತೆಗೆದರು. ಅವರ ತವರಲ್ಲಿ ಕೌದಿಯ ಕೊನೇ ಮೂಲೆ ಮುಚ್ಚೋ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲೀತಿದ್ರಂತೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದರೆ ಹೊದ್ದವರಿಗೂ ಹಸಿವು ಅಂತ. ನಮ್ಮವ್ವನೂ ಹಾಗೇ ಮಾಡ್ತಿದ್ದಳು. ಹದಿನೇಳು ವರ್ಷದಲ್ಲಿ ನಾವಿಬ್ಬರೂ ಈ ಮಾತು ಆಡೇ ಇರಲಿಲ್ಲ. "ಮುಗಿಯೂ ದಿನ ಹೇಳು, ಸಜ್ಜಿ ರೊಟ್ಟಿ ನಾನ ಬಡೀತೀನಿ" ಅಂದಿದಾರೆ. ಮೂರು ವರ್ಷದಿಂದ ಅವರು ಒಲೆ ಮುಂದೆ ನಿಂತಿಲ್ಲ.

ಧಾರವಾಡದ ತಂಗಿ, ಮಗಳು ಈಗ ದಾರ ಪೋಣಿಸ್ತಾಳೆ. ಅವಳ ಹೊಲಿಗೆ ಅರ್ಧ ಇಂಚಿಗೊಂದು, ಓರೆಕೋರೆ. ಕೆಂಪು ದಾರದಲ್ಲಿ ಒಂದು ಸಾಲು ಪೂರ್ತಿ ಅವಳದೇ ಇದೆ. ಬಿಚ್ಚಲ್ಲ ನಾನು.

ಭಾನುವಾರದ ಮಾತು ಆಗಿ ಹತ್ತು ದಿನ. ನಡುವೆ ಮೂರು ದಿನ ಮಗಳಿಗೆ ಜ್ವರ, ಸೂಜಿ ಮುಟ್ಟಲಿಲ್ಲ. ನಾಲ್ಕನೇ ದಿನ ಬಾಕಿ ಆರು ಸಾಲನ್ನೂ ಸೇರಿಸಿ ಹೊಲಿದುಬಿಡೋಣ ಅಂತ ಬಹಳ ಅನ್ನಿಸ್ತು. ಕೊಟ್ಟ ಮಾತು ಎರಡು, ಎರಡೇ ಹೊಲಿದೆ. 34 ಇದ್ದಿದ್ದು ಈಗ 48 ಸಾಲು. ಇನ್ನು 72.

ಬರೋ ವಾರ ನಡುವಿನ ಸೆರಗಿನ ತುಂಡಿಗೆ ಬರ್ತೀನಿ. ಈಗಲೇ ಹೆದರಿಕೆ. ರೇಷ್ಮೆ ಜಾರುತ್ತೆ, ಸಾಲು ಎಳೆದಾಗ ಸುತ್ತಲಿನ ಹತ್ತಿ ನಿರಿಗೆ ಬಿದ್ದು ಅದು ಮಾತ್ರ ಉಬ್ಬಿ ನಿಲ್ಲುತ್ತೆ ಅಂತ ಅನ್ನಿಸ್ತಿದೆ. ಕೊಂಡಿಯ ಗೆರೆ ಮೇಲೆ ಸೂಜಿ ಹಾಕಿದ್ರೆ ಎಳೆ ಕಿತ್ತು ಬರಬಹುದಾ? ಕಾಕಾ, ಮೊದಲು ಸುತ್ತಲೂ ಕಚ್ಚಾ ಹೊಲಿಗೆ ಹಾಕಿಕೊಂಡ್ರೆ ಸಾಕಾ, ಇಲ್ಲಾ ಕೆಳಗೆ ಇನ್ನೊಂದು ಹತ್ತಿ ತುಂಡು ಇಡಬೇಕಾ?